ಪರದೆಗೆ ಹಿಡಿದ ಸ್ಕೇಲು

ಮೊನ್ನೆ ತುಕ್ಕು ಹಿಡಿದ ಬೀರುವಿನ ಬೀಗಕ್ಕೆ ಸೀಮೆಎಣ್ಣೆ ಬಿಡುವಾಗ ವಾಸನೆ ಮೂಗಿಗೆ ಹೊಡೆಯಿತು. ಕೂಡಲೇ ಕಂಪೋಜಿಟರ್ ಕಾಕಾ ನೆನಪಾದರು. ಸೀಸದ ಅಚ್ಚುಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದೂ ತೊಳೆದೂ ಅವರ ಅಂಗಿಗೂ ಅದೇ ವಾಸನೆ ಹತ್ತಿತ್ತು. ಅಳು ಬಂದೀತೇನೋ ಅಂದುಕೊಂಡೆ. ಬರಲಿಲ್ಲ. ಬೀಗದ ಕೈ ತಿರುಗಿಸುತ್ತಾ ನಿಂತೆ.

ತೊಂಬತ್ತರ ದಶಕದ ಕೊನೆ. ನಾನು ದಿನಾ ಹರಿಹರದಿಂದ ಬಸ್ಸಿಗೆ ದಾವಣಗೆರೆಗೆ ಬಂದು ಒಂದು ಪ್ರೆಸ್ಸಿನಲ್ಲಿ, ಹೊಸದಾಗಿ ತಂದ ಕಂಪ್ಯೂಟರಿನ ಮೇಲೆ ಲಗ್ನಪತ್ರಿಕೆ ಮಾಡುತ್ತಿದ್ದೆ. ಕಾಕಾ ಅಲ್ಲೇ ಅರ್ಧ ಆಯುಷ್ಯ ಮೊಳೆ ಜೋಡಿಸಿದವರು. ಇನ್ನು ಮೊಳೆ ಕೆಲಸ ಬಂದ್, ಶ್ರಾವಣದೊಳಗೆ ಕಂಪ್ಯೂಟರಿನಲ್ಲಿ ಒಂದು ಪತ್ರಿಕೆ ಚೊಕ್ಕವಾಗಿ ಮಾಡಿ ತೋರಿಸಿದರೆ ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆ ಎಂದು ಅವರಿಗೆ ಹೇಳಿದ್ದರು ಮಾಲೀಕರು. ಇದ್ದದ್ದು ಒಂದೇ ಕಂಪ್ಯೂಟರ್, ಒಂದೇ ಕುರ್ಚಿ. ಕಾಕಾ ಕೂತರೆ ನಾನು ಏಳಬೇಕಿತ್ತು.

ನಮ್ಮ ಕಡೆ ಪತ್ರಿಕೆಯ ಕೆಳಗೆ ‘ಸುಖಾಗಮನ ಬಯಸುವವರು’ ಎಂದು ಮೂವತ್ತು ಹೆಸರಾದರೂ ಬೇಕು. ಅದರಲ್ಲಿ ಒಂದು ಹೆಸರು ಕೂದಲೆಳೆಯಷ್ಟು ಕೆಳಗಿಳಿದರೂ ಸಾಕು, ಆ ಮನೆಯವರು ಮುಖ ಊದಿಸಿಕೊಳ್ಳುತ್ತಾರೆ. ಕಾಕಾ ಮೌಸ್ ಹಿಡಿದು ಒಂದೊಂದೇ ಹೆಸರು ಎಳೆಯುವರು. ಆಮೇಲೆ ತಮ್ಮ ಹಳೇ ಉಕ್ಕಿನ ಸ್ಕೇಲನ್ನು ಪರದೆಗೇ ಹಿಡಿದು ಅಂತರ ಅಳೆಯುವರು. ಒಂದು ದಿನ ಕೇಳಿದರು.

“ಯವ್ವಾ, ಇವನ್ನೆಲ್ಲ ಒಮ್ಮೆಗೇ ಸಮ ಮಾಡಾಕೆ ಇದರಾಗ ಏನರ ಐತೇನು?”

ಇತ್ತು. ಎಲ್ಲ ಹೆಸರನ್ನೂ ಆರಿಸಿ ಒಂದು ಕಡೆ ಒತ್ತಿದರೆ ಸಾಲು ನೆಟ್ಟಗಾಗುತ್ತಿತ್ತು, ಇನ್ನೊಂದು ಕಡೆ ಒತ್ತಿದರೆ ನಡುವಿನ ಜಾಗ ಸಮನಾಗುತ್ತಿತ್ತು.

“ಇಲ್ಲ ಕಾಕಾ, ಕೈಯಾಗೇ ಎಳೀಬೇಕ್ರಿ” ಎಂದೆ. ನಾಲಿಗೆ ತಡವರಿಸಲೂ ಇಲ್ಲ…

ಆಗಿನ ಮಾನಿಟರಿನ ಗಾಜು ಉಬ್ಬಿಕೊಂಡಿರುತ್ತಿತ್ತು. ಅದರ ಮೇಲೆ ಸ್ಕೇಲು ನೆಟ್ಟಗೆ ಕೂರುತ್ತದೆಯೇ? ಪರದೆಯಲ್ಲಿ ಸರಿ ಕಂಡ ಹೆಸರುಗಳು ಕಾಗದದ ಮೇಲೆ ಹಿಂದೆ ಮುಂದಾದವು. ಮಾಲೀಕರು ಹಾಳೆ ನೋಡಿದರು. “ಇರ್ಲಿ ಬಿಡ್ರಿ, ಸಾಕು” ಎಂದರು. ಕಾಕಾ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು.

ಕೆಲಸ ಬಿಟ್ಟು ಹೋಗುವ ದಿನ ಕಾಕಾ ಆ ಸ್ಕೇಲನ್ನು ನನ್ನ ಮೇಜಿನ ಮೇಲಿಟ್ಟರು. “ತಗಾ. ನಾನು ಅಳತೆ ಹಿಡಿದ್ರೂ ತಪ್ತು. ನೀನು ಸ್ಕೇಲ್ ಮುಟ್ಟದಂಗೆ ಸಮ ಕೂಡಿಸ್ತಿ. ದೇವ್ರು ನಿನಗೆ ಚಲೋ ಕಣ್ಣು ಕೊಟ್ಟಾನೆ.”

ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ನನಗೂ ಆ ಸಂಬಳ ಬೇಕಿತ್ತು ಎಂದು ಈಗ ಹೇಳಿದರೆ ಅದು ನೆಪವಷ್ಟೇ. ಆವರಗೆರೆಯಲ್ಲಿ ಅವರ ಮನೆ ಎಲ್ಲಿದೆ ಎಂದು ಗೊತ್ತಿದ್ದೂ ಒಮ್ಮೆಯೂ ಹೋಗಲಿಲ್ಲ. ಅವರು ತೀರಿಕೊಂಡ ಸುದ್ದಿ ಕಿವಿಗೆ ಬೀಳುವ ಹೊತ್ತಿಗೆ ವರ್ಷ ಕಳೆದಿತ್ತು…

ಬೀಗ ಕೊನೆಗೂ ತೆರೆಯಿತು. ಹಳೇ ಸೀರೆಗಳ ಕೆಳಗೆ ಸ್ಕೇಲು ಇತ್ತು. ಕೈಗೆತ್ತಿಕೊಂಡೆ. ತಣ್ಣಗಿತ್ತು.

“ಐತ್ರಿ ಕಾಕಾ” ಎಂದೆ, ಬೀರುವಿನ ಮುಂದೆ ಒಬ್ಬಳೇ ನಿಂತು. “ಎರಡು ಸಲ ಒತ್ತಿದ್ರೆ ಆತು.”