ಬೆನಕಪ್ಪನವರ ಕತ್ತಿವಿದ್ಯೆ

ಶಿಕಾರಿಪುರದ ಪೇಟೆಬೀದಿಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಬೆನಕಪ್ಪನವರಿಗೆ ತಮ್ಮ ಬಗ್ಗೆ ಇದ್ದಷ್ಟು ಗೌರವ ಊರಿನಲ್ಲಿ ಬೇರೆ ಯಾರಿಗೂ ಇರಲಿಲ್ಲ. ಕೆಟ್ಟ ಮನುಷ್ಯರೇನಲ್ಲ. ಅಳತೆಯಲ್ಲಿ ಮೋಸವಿಲ್ಲ, ಬಣ್ಣ ಹೋಗುವ ಸೀರೆಗೆ ಬಣ್ಣ ಹೋಗುವುದಿಲ್ಲವೆಂದು ಹೇಳುವುದೊಂದನ್ನು ಬಿಟ್ಟರೆ ಮಾತಿನಲ್ಲೂ ಅಂಥ ಸುಳ್ಳಿಲ್ಲ. ಆದರೆ ಯಾರಾದರೂ ಒಂದು ಕೆಲಸ ಮಾಡುವುದನ್ನು ಸ್ವಲ್ಪ ಹೊತ್ತು ನಿಂತು ನೋಡಿದರೆ ಸಾಕು, ಅದು ತಮಗೂ ಬರುತ್ತದೆ, ಅವರಿಗಿಂತ ಚೆನ್ನಾಗಿಯೇ ಬರುತ್ತದೆ ಎಂದು ಅವರಿಗೆ ಖಾತ್ರಿಯಾಗಿಬಿಡುತ್ತಿತ್ತು. ಹೀಗೆ ನೋಡಿ ಕಲಿತ ವಿದ್ಯೆಯಿಂದಲೇ ಅಂಗಡಿಯ ಗೋಡೆ ಗಡಿಯಾರವನ್ನು ಬಿಚ್ಚಿ ಜೋಡಿಸಿದ್ದರು. ಅಂದಿನಿಂದ ಗಡಿಯಾರ ಗೋಡೆಗೆ ಅಲಂಕಾರವಾಗಿ ಉಳಿದಿತ್ತು. ಮನೆಯ ಹಸುವಿಗೆ ತಾವೇ ಔಷಧ ಅರೆದು ಕುಡಿಸಿದ್ದರು. ಹಸು ಬದುಕಿತು, ಆದರೆ ಅವರ ದನಿ ಕೇಳಿದರೆ ಹಗ್ಗ ಜಗ್ಗಲು ಶುರುಮಾಡುತ್ತಿತ್ತು.

ಅವರ ಮುಖದಲ್ಲಿ ಮೊದಲು ಕಾಣುತ್ತಿದ್ದುದು ಮೀಸೆ. ಗಿರಾಕಿ ಚೌಕಾಸಿಗೆ ಇಳಿದರೆ ಬೆನಕಪ್ಪನವರು ಮಾತಾಡುತ್ತಿರಲಿಲ್ಲ, ಮೀಸೆಯ ತುದಿಯನ್ನು ಒಮ್ಮೆ ತಿರುವುತ್ತಿದ್ದರು. ಅಷ್ಟಕ್ಕೇ ಗಿರಾಕಿ ಸೋಲುತ್ತಾನೆಂದು ಅವರ ನಂಬಿಕೆ. ಈ ಮೀಸೆಯನ್ನು ಓರಣ ಮಾಡಿ ಗಡ್ಡ ತೆಗೆಯಲು ಹಡಪದ ಕಲ್ಲಪ್ಪ ಬೆಳಗಿನ ಹೊತ್ತು ಮನೆಯ ಜಗಲಿಗೆ ಬರುತ್ತಿದ್ದ. ಬರುತ್ತಿದ್ದನೇ ಹೊರತು ಸುಖಪಡುತ್ತಿರಲಿಲ್ಲ. ಕತ್ತಿ ಗಂಟಲ ಮೇಲಿದ್ದಾಗಲೂ ಬೆನಕಪ್ಪನವರು ಕತ್ತಿ ಹಿಡಿಯುವುದು ಹೇಗೆಂದು ಅವನಿಗೆ ಹೇಳಿಕೊಡುತ್ತಿದ್ದರು.

ಐವತ್ತೆಂಟನೇ ಇಸವಿಯ ಆರಂಭದಲ್ಲಿ ಬೆನಕಪ್ಪನವರ ಮಗಳು ವನಜಳಿಗೆ ಸೊರಬದ ಕಡೆಯಿಂದ ಸಂಬಂಧ ಬಂತು. ಹೊಲಗದ್ದೆ, ದವಸದ ವ್ಯಾಪಾರ ಎರಡೂ ಇದ್ದ ಸದಾಶಿವಪ್ಪನವರ ಮಗ ಆನಂದಪ್ಪ. ಮಾತು ಗಟ್ಟಿಯಾಗುವವರೆಗೆ ಯಾರಿಗೂ ಹೇಳಬಾರದೆಂದು ಬೆನಕಪ್ಪನವರು ಹೆಂಡತಿ ನೀಲಾಂಬಿಕೆಗೆ ತಾಕೀತು ಮಾಡಿದರು. ಆಮೇಲೆ ತಾವು ಪೇಟೆಗೆ ಹೋಗಿ, ಯಾರಿಗೂ ಹೇಳಬೇಡಿ ಎಂದು ಎಲ್ಲರಿಗೂ ಹೇಳಿದರು. ಸಂಜೆಯ ಹೊತ್ತಿಗೆ, "ಏನ್ರಿ, ಸೊರಬದ ಬೀಗರಾಗ್ತೀರಂತೆ?" ಎಂದು ಜನ ಅವರನ್ನೇ ಕೇಳತೊಡಗಿದಾಗ ಅವರ ಪಿತ್ತ ನೆತ್ತಿಗೇರಿತು.

ಮರುದಿನ ಕಲ್ಲಪ್ಪ ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ನೊರೆ ಹಚ್ಚುತ್ತಿದ್ದಾಗ ವಿಚಾರಣೆ ಶುರುವಾಯಿತು.

"ಸೊರಬದ ಸುದ್ದಿ ಊರಿಗೆಲ್ಲ ಹೆಂಗ್ ಗೊತ್ತಾತೋ ಕಲ್ಲಪ್ಪ?"

"ನೀವೇ ಹೇಳಿದ್ರಲ್ರೀ ಸಾವ್ಕಾರ್ರೆ."

"ನಾನು ಹೇಳಿದ್ದು ನಿನಗೊಬ್ಬನಿಗೆ!"

"ನನಗೆ ಹೇಳೋಕಿಂತ ಮುಂಚೆ ಕಿರಾಣಿ ಅಂಗಡಿ ಮುಂದೆ ಹೇಳಿದ್ರಿ. ನಾನೂ ಅಲ್ಲೇ ನಿಂತಿದ್ದೆ. ಆಮೇಲೆ ನನಗೆ ಹೇಳುವಾಗ ಹೊಸದಾಗಿ ಕೇಳ್ದಂಗೆ ಕೇಳಿದೆ, ಅಷ್ಟೇ."

ನಿಜವಾದ ಮಾತು ಯಾರಿಗಾದರೂ ಸಿಟ್ಟು ತರಿಸುತ್ತದೆ, ಬೆನಕಪ್ಪನವರಿಗಂತೂ ಹೆಚ್ಚಾಗಿಯೇ ತರಿಸುತ್ತಿತ್ತು. ಧಡಕ್ಕನೆ ಎದ್ದು ನಿಂತು, "ಇನ್ಮೇಲೆ ನನ್ನ ಮುಖಕ್ಕೆ ಪರರ ಕೈ ಬೇಡ. ನನ್ನ ಗಡ್ಡ ನಾನೇ ತಗೀತೀನಿ" ಎಂದು ಬೀದಿಗೆ ಕೇಳುವಂತೆ ಆಣೆ ಮಾಡಿದರು. ಆಣೆ ಮುಗಿದ ಮೇಲೆ ಬಲಗೆನ್ನೆಯ ನೆನಪಾಗಿ ಮತ್ತೆ ಕೂತರು. ಕಲ್ಲಪ್ಪ ಅದನ್ನೂ ಮುಗಿಸಿ, ಸಾಮಾನಿನ ಹಡಪ ಕಟ್ಟಿಕೊಂಡು, ಶಾಲೆಗೆ ರಜ ಸಿಕ್ಕ ಹುಡುಗನ ಹಾಗೆ ಸರಸರ ನಡೆದುಬಿಟ್ಟ.

ಕತ್ತಿ ಸಿಕ್ಕಿದ್ದು ಕೆರೆ ಏರಿಯ ಕಡೆ ಮನೆ ಮಾಡಿದ್ದ ಉಚ್ಚಂಗಪ್ಪನ ಹತ್ತಿರ. ಯುದ್ಧದ ಕಾಲದಲ್ಲಿ ಮಿಲಿಟರಿ ಸೇರಿ ಬರ್ಮಾ ಗಡಿಯವರೆಗೆ ಹೋಗಿ ಬಂದವನು. ಅಲ್ಲಿ ದೊಡ್ಡ ದೊಡ್ಡ ಆಫೀಸರುಗಳಿಗೆ ತಾನೇ ಕ್ಷೌರ ಮಾಡುತ್ತಿದ್ದೆ ಎಂದು ಅವನು ಹೇಳಿಕೊಳ್ಳುತ್ತಿದ್ದ. ನಿಜವಾಗಿ ಅವನು ಅಲ್ಲಿ ಹೇಸರಗತ್ತೆಗಳಿಗೆ ಮೇವು ಹಾಕುತ್ತಿದ್ದ. ಒಂದು ಜೊತೆ ಪಂಚೆಗೆ ಬದಲಾಗಿ ಕೊಂಬಿನ ಹಿಡಿಯ ಮಡಚುವ ಕತ್ತಿ, ಅದನ್ನು ಮಸೆಯುವ ಚರ್ಮದ ಪಟ್ಟಿ, ಗಾಯಕ್ಕೆ ಉಜ್ಜುವ ಪಟಿಕದ ಕಲ್ಲು ಎಲ್ಲ ಕೊಟ್ಟು ಪಾಠವನ್ನೂ ಹೇಳಲು ಒಪ್ಪಿದ. ಗುರುವಿನ ಗಡ್ಡ ಎದೆಯವರೆಗೆ ಇಳಿದಿತ್ತು.

"ಅಲ್ಲ ಉಚ್ಚಂಗಪ್ಪಾರೆ, ಇಷ್ಟು ವಿದ್ಯೆ ಇಟ್ಕೊಂಡು ನೀವೇ ಯಾಕೆ ಗಡ್ಡ ಬಿಟ್ಟೀರಿ?"

"ಬರ್ಮಾದಾಗೆ ಬೋಳಿಸಿ ಬೋಳಿಸಿ ಬ್ಯಾಸರ ಬಂತ್ರಿ" ಎಂದ ಗುರು. ಶಿಷ್ಯನಿಗೆ ಉತ್ತರ ಒಪ್ಪಿಗೆಯಾಯಿತು.

ಪಾಠದಲ್ಲಿ ತಪ್ಪಿರಲಿಲ್ಲ. ಪಟ್ಟಿಯ ಮೇಲೆ ಎಳೆಯುವಾಗ ಕತ್ತಿಯ ಬೆನ್ನು ಮುಂದಿರಬೇಕು, ಬಾಯಿ ಹಿಂದಿರಬೇಕು. ಬೋಳಿಸುವಾಗ ಮುಖದ ಚರ್ಮವನ್ನು ಎಳೆದು ಹಿಡಿಯಬೇಕು. ಕತ್ತಿಯನ್ನು ಮಲಗಿಸಬೇಕು, ಅಡ್ಡ ಜಾರಿಸಬಾರದು. ಬೆನಕಪ್ಪನವರು ಇದನ್ನೆಲ್ಲ ಕಣ್ಣು ಮುಚ್ಚಿ ತಲೆದೂಗುತ್ತ ಕೇಳಿದರು. ಮನೆಗೆ ಬಂದು ಬಾಯಿಯನ್ನೇ ಮುಂದೆ ಮಾಡಿ ಎಳೆದು, ಮೊದಲ ದಿನವೇ ಪಟ್ಟಿಯನ್ನು ಸೀಳಿದರು. "ಚರ್ಮ ಹಳೇದು" ಎಂದರು.

ಅಭ್ಯಾಸಕ್ಕೆ ಬೂದುಗುಂಬಳಕಾಯಿ ಆಗಬಹುದೆಂದು ಗುರು ಸೂಚಿಸಿದ್ದ. ಅದರ ಮೈಮೇಲಿನ ಬಿಳಿಬೂದಿ ನೊರೆ ಹಚ್ಚಿದಂತೆಯೇ ಕಾಣುತ್ತದೆ. ಸಿಪ್ಪೆಗೆ ಗಾಯವಾಗದಂತೆ ಬೂದಿಯಷ್ಟನ್ನೇ ತೆಗೆದರೆ ಕೈ ಪಳಗಿತೆಂದು ಅರ್ಥ. ಬೆನಕಪ್ಪನವರು ಬೆಳಿಗ್ಗೆ ಎದ್ದವರೇ ಕಾಯನ್ನು ತೊಡೆಯ ಮೇಲೆ ಇಟ್ಟುಕೊಂಡು ಜಗಲಿಯಲ್ಲಿ ಕೂರತೊಡಗಿದರು. ಹಾಲಿಗೆ, ನೀರಿಗೆ ಹೋಗುವವರೆಲ್ಲ ಅಲ್ಲಿ ಒಂದು ಗಳಿಗೆ ನಿಂತು ಮುಂದೆ ಹೋಗುತ್ತಿದ್ದರು. ನೀಲಾಂಬಿಕೆ ಬಾಗಿಲಿಗೆ ಬಂದು, "ಇವತ್ತಿನ ಗಿರಾಕಿದು ಮುಗೀತೇನ್ರಿ? ಹುಳಿಗೆ ಹೆಚ್ಚಬೇಕು" ಎಂದು ಕೇಳಿ ಕಾಯನ್ನು ಎತ್ತಿಕೊಂಡು ಹೋಗುತ್ತಿದ್ದರು. ಆ ತಿಂಗಳೆಲ್ಲ ಆ ಮನೆಯಲ್ಲಿ ಕುಂಬಳಕಾಯಿ ಹುಳಿ, ಕುಂಬಳಕಾಯಿ ಪಲ್ಯ, ಕುಂಬಳಕಾಯಿ ಮಜ್ಜಿಗೆಹುಳಿ. ವನಜ ತಟ್ಟೆಯ ಮುಂದೆ ಕೂತು ನಿಟ್ಟುಸಿರು ಬಿಡುತ್ತಿದ್ದಳು. ಮದುವೆಯಾಗಿ ಹೋಗಲು ಅವಳಿಗೆ ಅಷ್ಟು ಆತುರ ಬಂದಿದ್ದು ಆಗಲೇ.

ಕೊನೆಗೊಂದು ಕಾಯಿ ಗಾಯವಿಲ್ಲದೆ ಹೊಳೆಯುತ್ತ ಹೊರಬಂತು. ವಿದ್ಯೆ ಕೈಗೂಡಿತೆಂದು ಬೆನಕಪ್ಪನವರು ನಿರ್ಧರಿಸಿದರು. ಕುಂಬಳಕಾಯಿಗೆ ಮೂಗಿಲ್ಲ, ಗದ್ದವಿಲ್ಲ, ಅದು ಉಗುಳು ನುಂಗುವುದಿಲ್ಲ ಎಂಬುದು ಅವರ ಗಮನಕ್ಕೆ ಬರಲಿಲ್ಲ.

ಗಂಡಿನ ಮನೆ ನೋಡಲು ಸೊರಬಕ್ಕೆ ಹೊರಡುವ ಬೆಳಿಗ್ಗೆ ನೀಲಾಂಬಿಕೆ ಒಂದು ಮಾತು ಹೇಳಿ ನೋಡಿದರು. "ಇವತ್ತೊಂದು ದಿನ ಕಲ್ಲಪ್ಪನ್ನ ಕರೆಸ್ರಿ."

"ನನ್ನ ಆಣೆ ಅಂದ್ರೆ ಏನು ಅಂತ ತಿಳ್ಕಂಡೀ?" ಎಂದು ಬೆನಕಪ್ಪನವರು ಕನ್ನಡಿ ಮುಂದೆ ಕೂತರು.

ಎಡಗೆನ್ನೆ ಪರವಾಗಿಲ್ಲ ಅನ್ನುವ ಹಾಗೆ ಆಯಿತು. ಹಿಗ್ಗಿಗೆ ಮೀಸೆಯಡಿಯಲ್ಲೇ ನಕ್ಕರು, ಆಗ ತುಟಿಯ ಕೆಳಗೆ ಕೊಯ್ದಿತು. ಅದನ್ನು ನೋಡಲು ಕತ್ತು ತಿರುಗಿಸಿದಾಗ ದವಡೆ ಕೊಯ್ದಿತು. ರಕ್ತ ಒರೆಸಲು ಎತ್ತಿದ ಕೈಯಲ್ಲಿ ಕತ್ತಿ ಇದ್ದದ್ದು ಮರೆತುಹೋಗಿ ಕಿವಿಯ ತುದಿಗೂ ತಗುಲಿತು. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಪಟಿಕ ಉಜ್ಜಿ, ಗಾಯಗಳಿಗೆ ಹತ್ತಿ ಮೆತ್ತಿ, ಕ್ಷೌರವಾಗದ ಬಲಗೆನ್ನೆಯನ್ನು ಶಲ್ಯದಿಂದ ಮರೆಮಾಡಿಕೊಂಡು ಹೆಂಡತಿಯೊಡನೆ ಹೊರಟರು. ಸೊರಬದಲ್ಲಿ ಎಲ್ಲಾದರೂ ಮರೆಗೆ ನಿಂತು ಉಳಿದದ್ದನ್ನು ಮುಗಿಸಬಹುದೆಂದು ಕತ್ತಿಯನ್ನು ಕೈಚೀಲಕ್ಕೆ ಹಾಕಿಕೊಂಡರು.

ಆ ಕಾಲ ಅಂಥದ್ದು. ಹಿಂದಿನ ವರ್ಷ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತುಬಿದ್ದಿದ್ದವು. ಸೌದೆಗೆ, ಸೊಪ್ಪಿಗೆ ಕಾಡಿಗೆ ಹೋಗಿ ಬಂದವರು ಜ್ವರದಲ್ಲಿ ಮಲಗಿ, ಮೂಗು ಬಾಯಲ್ಲಿ ರಕ್ತ ಬಂದು ತೀರಿಕೊಂಡಿದ್ದರು. ಬೇಸಿಗೆ ಹತ್ತಿರ ಬಂದಂತೆ ಜನರಲ್ಲಿ ಮತ್ತೆ ಅದೇ ಹೆದರಿಕೆ. ಮುಖದ ತುಂಬ ರಕ್ತ ಜಿನುಗಿಸಿಕೊಂಡು ಸೊರಬದ ಬಸ್ಸು ಹತ್ತಲು ಅದಕ್ಕಿಂತ ಕೆಟ್ಟ ವರ್ಷ ಸಿಗುತ್ತಿರಲಿಲ್ಲ.

ಪಕ್ಕದಲ್ಲಿ ಕೂತಿದ್ದವನು ಮೊದಲು ಕೇಳಿದ. "ಕ್ಯಾಸನೂರು ಕಡೆಯೋರೇನ್ರಿ?"

"ಅಲ್ಲ."

"ಕಾಡಿಗೆ ಏನಾದ್ರೂ ಹೋಗಿದ್ರಾ?"

"ನಾನ್ಯಾಕೆ ಹೋಗ್ಲಿ?"

ಅವನು ಎದ್ದು ಹಿಂದೆ ಹೋದ. ಮುಂದಿನ ಸೀಟಿನ ಹೆಂಗಸು ಕೋಳಿಬುಟ್ಟಿ ಎತ್ತಿಕೊಂಡು ಎದ್ದಳು. ಶಿರಾಳಕೊಪ್ಪ ಬರುವಷ್ಟರಲ್ಲಿ ಹಿಂದೆ ಜನ ಒಬ್ಬರ ಮೇಲೊಬ್ಬರು ನಿಂತಿದ್ದರೆ, ಬೆನಕಪ್ಪನವರ ಸುತ್ತ ಸೀಟುಗಳೆಲ್ಲ ಖಾಲಿ. ಅವರು ಶಲ್ಯ ಸರಿಮಾಡಿಕೊಂಡು, "ಈ ಕಡೆ ಜನ ಮರ್ಯಾದಸ್ಥರು ಕಣೇ. ಮುಖ ನೋಡಿಯೇ ಜಾಗ ಬಿಡ್ತಾರೆ" ಎಂದರು.

"ಹೌದ್ರಿ, ಮುಖ ನೋಡಿಯೇ" ಎಂದು ನೀಲಾಂಬಿಕೆ ಕಿಟಕಿಯ ಕಡೆ ತಿರುಗಿದರು.

ಸದಾಶಿವಪ್ಪನವರ ಮನೆಯಲ್ಲಿ ಕೈಕಾಲಿಗೆ ನೀರು ಕೊಟ್ಟರು. ಬೆನಕಪ್ಪನವರು ದಣಿವಾರಿಸಿಕೊಳ್ಳಲು ಮುಖಕ್ಕೂ ನೀರು ಎರಚಿಕೊಂಡಿದ್ದೇ ತಡ, ಹತ್ತಿ ಕಳಚಿ, ಆರಿದ ಗಾಯಗಳೆಲ್ಲ ಒಟ್ಟಿಗೆ ಬಾಯಿ ಬಿಟ್ಟವು. ಜಗಲಿಯ ಮೇಲೆ ಸದಾಶಿವಪ್ಪನವರ ತಾಯಿ ವೀರಮ್ಮ ಕೂತಿದ್ದರು. ಆ ಮನೆಯಲ್ಲಿ ಗಂಡಸರು ಮಾತಾಡುತ್ತಿದ್ದರು, ವೀರಮ್ಮ ತೀರ್ಮಾನ ಮಾಡುತ್ತಿದ್ದರು.

"ಎಂಥದು ಮಾರಾಯ್ರೆ ಇದು ರಕ್ತ?"

ನಿಜ ಹೇಳಲು ಬಾಯಿ ತೆರೆದ ಬೆನಕಪ್ಪನವರಿಗೆ ಎದುರಿಗೆ ಬೀಗರು, ಪಕ್ಕದಲ್ಲಿ ಅಳಿಯನಾಗುವ ಹುಡುಗ, ಬಾಗಿಲ ಸಂದಿಯಲ್ಲಿ ಹೆಂಗಸರ ಕಣ್ಣು ಎಲ್ಲ ಕಂಡವು. ಬಾಯಿ ತಾನಾಗಿಯೇ ಬೇರೆ ದಾರಿ ಹಿಡಿಯಿತು. "ನಮ್ಮೂರ ಹಡಪದ ಕಲ್ಲಪ್ಪ ಕೈ ತಪ್ಪಿಬಿಟ್ಟ ನೋಡ್ರಮ್ಮಾ. ವಯಸ್ಸಾತು, ಕೈ ನಡುಗ್ತತಿ."

ವೀರಮ್ಮನ ಹುಬ್ಬು ಮೇಲೇರಿತು. "ಯಾವ ಕಲ್ಲಪ್ಪ? ಅವನ ತಂಗೀನ ಕೊಟ್ಟಿದ್ದು ನಮ್ಮ ಕೇರಿಗೇ. ಮೊನ್ನೆ ದೀಪಾವಳಿಗೆ ಬಂದಾಗ ನಮ್ಮ ಮರಿಮಗನ ಜವಳ ತೆಗೆದವನು ಅವನೇ. ಮಗು ನಿದ್ದೆಯಿಂದ ಏಳಲಿಲ್ಲ. ಅವನ ಕೈ ನಡುಗ್ತದಾ?" ಎಂದವರೇ ಮಗನ ಕಡೆ ತಿರುಗಿ ದನಿ ತಗ್ಗಿಸಿದರು. "ಸದಾಶಿವ, ಇವರು ಏನೋ ಮುಚ್ಚಿಡ್ತಿದಾರೆ. ಆಸ್ಪತ್ರೆಗೆ ಹೇಳಿ ಕಳಿಸು."

ಒಳಗಿಂದ ಬಂದ ಕಾಫಿ ಲೋಟವನ್ನು ಯಾರೋ ದೂರದಲ್ಲೇ ಇಟ್ಟು ಕೋಲಿನಿಂದ ಮುಂದೆ ತಳ್ಳಿದರು. ಬೆನಕಪ್ಪನವರು ಆ ಲೋಟವನ್ನೇ ನೋಡುತ್ತ ಕೂತರು. ಬಸ್ಸಿನ ಖಾಲಿ ಸೀಟುಗಳ ಅರ್ಥ ಅವರಿಗೆ ಆಗ ಹೊಳೆದು, ರಕ್ತವಿಲ್ಲದ ಕಡೆಯೂ ಮುಖ ಕೆಂಪಾಯಿತು.

"ಹೇಳ್ರಿ" ಎಂದರು ನೀಲಾಂಬಿಕೆ. ಬೆನಕಪ್ಪನವರು ಶಲ್ಯವನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡರು. ನೀಲಾಂಬಿಕೆ ಕೈಚೀಲ ಬಿಚ್ಚಿ, ಕತ್ತಿ ತೆಗೆದು, ಎಲೆಅಡಿಕೆ ತಟ್ಟೆಯ ಪಕ್ಕದಲ್ಲಿಟ್ಟರು. "ಇವರ ಕಾಯಿಲೆ ಇದೇ ನೋಡ್ರಮ್ಮಾ."

ಕಥೆಯೆಲ್ಲ ಹೊರಬಂತು, ಆಣೆ, ಉಚ್ಚಂಗಪ್ಪ, ಕುಂಬಳಕಾಯಿ, ಯಾವುದನ್ನೂ ನೀಲಾಂಬಿಕೆ ಬಿಡಲಿಲ್ಲ. ವೀರಮ್ಮ ಪೂರ್ತಿ ಕೇಳಿ, "ಕತ್ತಿ ಯಾರ ಚೀಲದಲ್ಲೂ ಇರಬಹುದು. ಆ ಕಡೆ ಕೆನ್ನೆ ಹಾಗೇ ಉಳಿದದೆಯಲ್ಲ, ಮಾಡಿ ತೋರಿಸ್ಲಿ" ಎಂದರು.

ಹೀಗಾಗಿ ಗಂಡು ನೋಡಲು ಹೋದ ಬೆನಕಪ್ಪನವರು ಗಂಡಿನ ಮನೆಯ ಜಗಲಿಯಲ್ಲಿ ನೊರೆ ಹಚ್ಚಿಕೊಂಡು ಕೂತರು. ಕನ್ನಡಿ ಹಿಡಿಯುವ ಕೆಲಸ ಆನಂದಪ್ಪನ ಪಾಲಿಗೆ ಬಂತು. ಹುಡುಗ ಒಳ್ಳೆಯವನು, ನಗು ತಡೆಯಲು ಪ್ರಾಮಾಣಿಕವಾಗಿ ಕಷ್ಟಪಟ್ಟ. ಆದರೆ ತುಟಿಯಲ್ಲಿ ತಡೆದ ನಗು ತೋಳಿಗಿಳಿದು, ಕನ್ನಡಿ ನಡುಗಿ, ಕನ್ನಡಿಯೊಳಗಿನ ಬೆನಕಪ್ಪನವರೂ ನಡುಗತೊಡಗಿದರು. ಆ ನಡುಗುವ ಮುಖವನ್ನು ಹಿಂಬಾಲಿಸಿ ಹೋದ ಕತ್ತಿ ಕೆನ್ನೆ ದಾಟಿ ಮೇಲೆ ಬಂತು. ಮೀಸೆಯ ಬಲಭಾಗ ಇಡಿಯಾಗಿ ಶಲ್ಯದ ಮೇಲೆ ಬಿತ್ತು.

ವೀರಮ್ಮ ಎದ್ದು ಬಂದು ಹತ್ತಿರದಿಂದ ನೋಡಿದರು. "ಅಂಟೋ ಕಾಯಿಲೆ ಅಲ್ಲ ಬಿಡು ಸದಾಶಿವ." ಆಮೇಲೆ ಏನೋ ಯೋಚನೆ ಬಂದು ನೀಲಾಂಬಿಕೆಯ ಕಡೆ ತಿರುಗಿದರು. "ಅಂಟೋದಿಲ್ಲ ಸರಿ. ಮಕ್ಕಳಿಗೆ ಬರ್ತದಾ?"

"ಇಲ್ಲಮ್ಮಾ. ಹುಡುಗಿ ನನ್ನ ಹಂಗೆ."

ಸಂಬಂಧ ಅಲ್ಲೇ ಗಟ್ಟಿಯಾಯಿತು.

ಉಳಿದ ಅರ್ಧ ಮೀಸೆಯನ್ನು ಒಳಕೋಣೆಯಲ್ಲಿ ನೀಲಾಂಬಿಕೆಯೇ ತೆಗೆದರು. "ಅಲ್ಲಾಡಬೇಡ್ರಿ" ಎಂದು ಗದ್ದ ಹಿಡಿದು, ತುಟಿ ಎಳೆದು, ಕತ್ತಿ ಮಲಗಿಸಿದರು. ಒಂದು ಹನಿ ರಕ್ತವಿಲ್ಲ. ಮದುವೆಯಾದ ಮೇಲೆ ಬೆನಕಪ್ಪನವರು ಹೆಂಡತಿಯ ಮುಂದೆ ಅಷ್ಟು ಹೊತ್ತು ಸುಮ್ಮನೆ ಕೂತಿದ್ದು ಅದೇ ಮೊದಲು.

"ಎಲ್ಲಿ ಕಲಿತೆ?"

"ಮನ್ಯಾಗೆ ಕುಂಬಳಕಾಯಿ ಸಿಪ್ಪೆ ಹೆರೆಯೋರು ಯಾರ್ರಿ?"

ಕನ್ನಡಿಯಲ್ಲಿ ಕಂಡ ಬೋಳುತುಟಿಯ ಮನುಷ್ಯ ಯಾರೋ ಗುರುತಿಲ್ಲದವನ ಹಾಗಿದ್ದ. ಗಿರಾಕಿ ಚೌಕಾಸಿ ಮಾಡಿದರೆ ಇವನು ಖಂಡಿತ ಸೋಲುತ್ತಾನೆ ಎನ್ನಿಸಿ ಬೆನಕಪ್ಪನವರಿಗೆ ಕಣ್ಣು ತುಂಬಿ ಬಂತು. ಬಸ್ಸಿನಲ್ಲಿ ಬರುವಾಗ ಅವರು ಶಲ್ಯದಿಂದ ತುಟಿ ಮುಚ್ಚಿಕೊಂಡು ಕೂತಿದ್ದರು. ಶಿಕಾರಿಪುರ ಮುಟ್ಟುವ ಹೊತ್ತಿಗೆ ಚೇತರಿಸಿಕೊಂಡಿದ್ದರು. "ಈಗೆಲ್ಲ ಮೀಸೆ ಯಾರ್ರಿ ಬಿಡ್ತಾರೆ? ಬೆಂಗಳೂರಿನ ದೊಡ್ಡ ಮನುಷ್ಯರೆಲ್ಲ ತೆಗೆಸಿದಾರೆ" ಎಂದು ಪೇಟೆಯಲ್ಲಿ ಸಾರಿದರು. ನಂಬುವ ಜನವೂ ಇದ್ದರು. ಯುಗಾದಿಯ ಹೊತ್ತಿಗೆ ಪೇಟೆಬೀದಿಯಲ್ಲಿ ಇನ್ನಿಬ್ಬರು ವ್ಯಾಪಾರಸ್ಥರ ಮೀಸೆ ಹೋಗಿತ್ತು.

ಸೊರಬದ ಜಗಲಿಯಲ್ಲಿ ಆಡಿದ ಸುಳ್ಳು ತಂಗಿಯ ಬಾಯಿಂದ ಕಲ್ಲಪ್ಪನಿಗೆ ಮುಟ್ಟಿತು. ಅವನು ಜಗಳಕ್ಕೆ ಬರಲಿಲ್ಲ. ವನಜಳ ಮದುವೆಗೆ ಕರೆದಾಗ ಬಂದು ಮನೆಯ ಗಂಡಸರೆಲ್ಲರ ಮುಖಕ್ಷೌರ ಮಾಡಿದ. ಬೆನಕಪ್ಪನವರು ಮೆಲ್ಲಗೆ ಬಂದು ಮಣೆಯ ಮೇಲೆ ಕೂತಾಗ ಹಡಪ ಕಟ್ಟಿ ಎದ್ದ. "ಬೇಡ್ರಿ ಸಾವ್ಕಾರ್ರೆ. ನನ್ನ ಕೈ ನಡುಗ್ತತಿ."

ತಪ್ಪಾಯಿತು ಎಂಬ ಮಾತು ಬೆನಕಪ್ಪನವರ ಗಂಟಲವರೆಗೆ ಬಂತು. ಅಲ್ಲೇ ನಿಂತಿತು. ಆಮೇಲೂ ಅದು ಹೊರಬರಲಿಲ್ಲ; ಆದ್ದರಿಂದ ಬಾಳಿನುದ್ದಕ್ಕೂ ಅವರು ತಮ್ಮ ಗಡ್ಡ ತಾವೇ ತೆಗೆದುಕೊಳ್ಳಬೇಕಾಯಿತು. ವರ್ಷಗಳು ಕಳೆದಂತೆ ಕೈ ಪಳಗಿತು. ಕೆನ್ನೆ ನುಣ್ಣಗಾಗುತ್ತಿತ್ತು, ಗದ್ದಕ್ಕೆ ಗಾಯವಾಗುತ್ತಿರಲಿಲ್ಲ. ಕಣ್ಣಿಗೆ ಕಾಣದ ದವಡೆಯಡಿಯಲ್ಲಿ ಮಾತ್ರ ಒಂದು ಹಿಡಿ ಕೂದಲು ಯಾವಾಗಲೂ ನಿಂತಿರುತ್ತಿತ್ತು. ಅದನ್ನು ಹೇಳುವ ಧೈರ್ಯ ಯಾರೂ ಮಾಡಲಿಲ್ಲ, ನೀಲಾಂಬಿಕೆ ಹೇಳುವ ಗೋಜಿಗೆ ಹೋಗಲಿಲ್ಲ.

ಅಷ್ಟಾದ ಮೇಲೆ ಅವರಿಗೆ ಕಲಿಸುವ ಹುಚ್ಚು ಹತ್ತಿತು. ಅಳಿಯ ಹಬ್ಬಕ್ಕೆ ಬಂದ ಮೊದಲ ಬೆಳಿಗ್ಗೆಯೇ ಕತ್ತಿ ಮಸೆದುಕೊಂಡು, "ಬರ್ರಿ ಆನಂದಪ್ಪಾರೆ, ಇದೇನು ಬ್ರಹ್ಮವಿದ್ಯೆ ಅಲ್ಲ" ಎಂದು ಕರೆದರು. ಅಂದು ಹೇಗೋ ಹೊಟ್ಟೆನೋವಿನ ನೆಪ ಹೇಳಿ ಪಾರಾದ ಆನಂದಪ್ಪ, ಮುಂದೆ ಮಾವನ ಮನೆಗೆ ಹೊರಟಾಗಲೆಲ್ಲ ಶಿರಾಳಕೊಪ್ಪದಲ್ಲಿ ಬಸ್ಸಿಳಿದು, ಅಲ್ಲಿ ಚೊಕ್ಕವಾಗಿ ಗಡ್ಡ ತೆಗೆಸಿಕೊಂಡು, ಮುಂದಿನ ಬಸ್ಸಿಗೆ ಬರುತ್ತಿದ್ದ. ಅದು ಮತ್ತೆ ಬೆಳೆಯುವ ಮುಂಚೆ ಹೊರಟುಬಿಡುತ್ತಿದ್ದ.