ಸಣ್ಣದೋ, ದಪ್ಪದೋ
ಬೀದಿಯವರ ಬಾಯಲ್ಲಿ ‘ಸ್ಪ್ರಿಂಗ್ ಮಾವ’ ಆಗಿರುವ ಇವರಿಗೆ ಹೌದೆಂದರೆ ಅಲ್ಲ, ಅಲ್ಲವೆಂದರೆ ಹೌದು. ತಮ್ಮ ಹಳೆಯ ಏರ್ ಪಿಸ್ತೂಲಿನ ನಳಿಗೆ ತುಕ್ಕು ಹಿಡಿದ ಮೇಲೆ, ಹೊಸದು ಸಣ್ಣ ಗುಂಡಿನದಿರಲೋ ದಪ್ಪ ಗುಂಡಿನದೋ ಎಂದು ಹಾಲಿನವನನ್ನೂ ಬಿಡದೆ ಕೇಳಿದರು. ಸಣ್ಣದೆಂದವರಿಗೆ, “ಸೊಳ್ಳೆ ಹೊಡೆಯೋಕಾ?” ದಪ್ಪದೆಂದವರಿಗೆ, “ಈ ಪಿಸ್ತೂಲಿನ ಮುದಿ ಸ್ಪ್ರಿಂಗು ಅಷ್ಟು ಭಾರದ ಗುಂಡು ತಳ್ಳುತ್ತೇನ್ರೀ? ಅರ್ಧ ದಾರೀಲೇ ಕೆಳಗಿಳಿಯುತ್ತೆ!” ಒಳಗೊಳಗೆ ಮನಸ್ಸು ಸಣ್ಣದಕ್ಕೇ ವಾಲಿತ್ತು, ಅದು ನೇರ ಹೋಗುತ್ತದೆ, ಇದೇ ಪಿಸ್ತೂಲಿನಲ್ಲಿ ಇಬ್ಬರೂ ಆಡುವ ಭಾನುವಾರದ ಗುರಿಯಾಟದಲ್ಲಿ ತಮ್ಮ ಅಣ್ಣನನ್ನು ಒಮ್ಮೆಯಾದರೂ ಸೋಲಿಸಬಹುದು. ಮೊನ್ನೆ ಮನೆಗೆ ಬಂದ ಅಣ್ಣ, ಮಾದರಿಗೆ ತಂದಿಟ್ಟಿದ್ದ ಸಣ್ಣ ಗುಂಡನ್ನು ನಡುಗುವ ಬೆರಳಲ್ಲಿ ಹೆಕ್ಕಲು ಹೋಗಿ, ಆಗದೆ, ಸುಮ್ಮನೆ ಕೈಯನ್ನು ಜೇಬಿಗಿಳಿಸಿದರು. ಮರುದಿನವೇ ಮಾವ ದಪ್ಪ ಗುಂಡಿನ ನಳಿಗೆ ಹಾಕಿಸಿದರು. ಯಾಕೋ ಎಂದು ಅಣ್ಣ ಕೇಳಿದ್ದಕ್ಕೆ, ಇಂದಿಗೂ ಹೆಂಡತಿಗೆ ಸೂಜಿಗೆ ದಾರ ಪೋಣಿಸಿಕೊಡುವ ಈ ಮಾವ ಸಿಡುಕಿದರು: “ಸಣ್ಣದು ನನ್ ಬೆರಳಿಗೆ ಸಿಗಲ್ಲ ಕಣೋ ಅಣ್ಣ, ವಯಸ್ಸಾಯ್ತು.”