ಕಿವಿಯೊಳಗೆ ಬೀಳುತ್ತಿದ್ದ ಕುಳ್ಳ

ಆಗ ನನಗೆ ಎಪ್ಪತ್ತೊಂದು. ಎರಡು ವರ್ಷದ ಹಿಂದಿನ ಮಾತು. ಗಂಡನಿಗೆ ಎಪ್ಪತ್ತೆಂಟು. ನಲವತ್ತು ವರ್ಷ ಹೋಟೆಲುಗಳಲ್ಲಿ ದೋಸೆ ಕಾವಲಿಯ ಮುಂದೆ ನಿಂತವರು. ತಲೆಯಿಂದ ಒಂದೊಂದೇ ಸಂಗತಿ ಉದುರುತ್ತಿತ್ತು. ನನ್ನ ಮುಖ ನೆನಪಿತ್ತು, ಮನೆಯ ದಾರಿ ನೆನಪಿರಲಿಲ್ಲ. ಎರಡು ಸಲ ಬಿಲ್ಡಿಂಗಿನ ಗೇಟು ದಾಟಿ ಹೋಗಿದ್ದರು, ವಾಚ್‌ಮನ್ ಹಿಡಿದು ತಂದಿದ್ದ.

ಕೈ ಖಾಲಿ ಇದ್ದರೆ ಎದ್ದು ಹೋಗುತ್ತಾರೆ ಎಂದು ಮೊಮ್ಮಗಳು ತನ್ನ ಹಳೆಯ ಆಟದ ಮೆಷಿನ್ನು ಕೊಟ್ಟಳು. ಎರಡು ಕೈಯಲ್ಲಿ ಹಿಡಿಯುವಂಥದ್ದು, ನಡುವೆ ಪರದೆ, ಅಕ್ಕಪಕ್ಕ ಗುಂಡಿ. ಪರದೆಯಲ್ಲಿ ಒಬ್ಬ ಕುಳ್ಳ ಓಡುತ್ತಾನೆ. ಹೊಂಡ ಬಂದಾಗ ಗುಂಡಿ ಒತ್ತಿದರೆ ಹಾರುತ್ತಾನೆ, ಒತ್ತದಿದ್ದರೆ ಬೀಳುತ್ತಾನೆ. ಇವರು ಒಂದು ದಿನವೂ ಹಾರಿಸಲಿಲ್ಲ. ಕುಳ್ಳ ಓಡುವುದು, ಮೊದಲನೆಯ ಹೊಂಡಕ್ಕೇ ‘ಪೂಂಯ್’ ಎಂದು ಬೀಳುವುದು, ಮತ್ತೆ ಓಡುವುದು. ಇವರ ಬೆರಳಿಗೆ ಸಿಗುತ್ತಿದ್ದದ್ದು ಸದ್ದು ಏರಿಸುವ ಗುಂಡಿ ಒಂದೇ. ಪಕ್ಕದ ಮನೆಯವರು ಗೋಡೆ ಗುದ್ದುತ್ತಿದ್ದರು.

ವೈರಿನ ಇಯರ್‌ಫೋನ್ ಹಾಕಿ ನೋಡಿದೆವು. ಇವರು ವೈರನ್ನು ಬೆರಳಿಗೆ ಎರಡು ಸುತ್ತು ಸುತ್ತಿ ಜಗ್ಗಿ ಕಿತ್ತರು, ಪಾರ್ಸೆಲ್ ಕಟ್ಟುವ ದಾರವನ್ನು ಕಿತ್ತ ಹಾಗೆ. ಎರಡು ಹೋದವು. ಆಮೇಲೆ ಮೊಮ್ಮಗಳು ವೈರಿಲ್ಲದ್ದು ತಂದಳು.

“ಅಜ್ಜಿ, ಈ ಮೆಷಿನ್‌ಗೆ ಪೆಹಲೇ ಬ್ಲೂಟೂತ್ ಸೌಂಡ್ ಇರ್ಲೇ ಇಲ್ಲ. ಅಪ್ಡೇಟ್‌ನಲ್ಲಿ ಬಂತು. ಬಾಕ್ಸಿಂದ ತೆಗಿ, ಕಿವಿಗೆ ಹಾಕು, ಬಸ್. ಕಟ್ ಆದ್ರೆ ವಾಪಸ್ ಬಾಕ್ಸಿಗೆ ಹಾಕು, ಫಿರ್ ಸೇ ತೆಗಿ. ಸಮ್ಝೀ?”

ಇವರು ಕಿವಿಯಿಂದ ಕಿತ್ತು ಎಸೆದರು. ಡಬ್ಬಿಗೆ ಹಾಕಿದರೆ ಸದ್ದು ತಿರುಗಿ ಮೆಷಿನ್ನಿನಿಂದಲೇ ಬರುತ್ತದೆ. ಹಾಗಾಗಿ ಒಂದನ್ನು ನನ್ನ ಕಿವಿಗೇ ತುರುಕಿಕೊಂಡೆ. ಇವರಿಗೆ ಸದ್ದು ಬೇಕಾಗಿಯೇ ಇರಲಿಲ್ಲ, ಬೆರಳಿಗೆ ಕೆಲಸ ಬೇಕಿತ್ತು.

ಅದರಿಂದ ಒಂದು ಉಪಕಾರವಾಯಿತು. ನಾನು ಅಡಿಗೆಮನೆಯಲ್ಲಿದ್ದಾಗ ಕಿವಿಯಲ್ಲಿ ಕುಳ್ಳ ಬೀಳುತ್ತಿದ್ದರೆ ಇವರು ಕುರ್ಚಿಯಲ್ಲಿದ್ದಾರೆ ಎಂದರ್ಥ. ಮೆಷಿನ್ನು ಹಿಡಿದುಕೊಂಡೇ ಲಿಫ್ಟಿನ ಹತ್ತಿರ ಹೋದರೆ ‘ಕರ್ ಕರ್’ ಎನ್ನುತ್ತದೆ. ಒಗ್ಗರಣೆ ಬಿಟ್ಟು ಓಡುತ್ತಿದ್ದೆ.

ಇವರ ಕನ್ನಡಕದ ಕಡ್ಡಿ ಮುರಿದಿತ್ತು. ಗ್ರಾಂಟ್ ರೋಡಿನ ಒಂದು ಅಂಗಡಿಯಲ್ಲಿ ಮಾಡಿಸಿದ್ದು.

“ಶನಿವಾರ ನಾನು ಬರ್ತೇನೆ ಅತ್ತೆ. ನೀವೊಬ್ರೇ ಕರ್ಕೊಂಡು ಹೋಗ್ಬೇಡಿ” ಎಂದಳು ಸೊಸೆ.

“ಐವತ್ತು ವರ್ಷ ನಿನ್ನನ್ನು ಕೇಳಿಯೇ ಸಂಸಾರ ಮಾಡಿದ್ದಾ ನಾನು?” ಎಂದೆ. ಗುರುವಾರವೇ ಹೊರಟೆ. ವಡಾಲದಿಂದ ದಾದರಿಗೆ ಬಸ್ಸು, ಅಲ್ಲಿಂದ ಸ್ಲೋ ಲೋಕಲ್ ರೈಲು.

ಅಂಗಡಿಯಲ್ಲಿ ಇವರನ್ನು ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂರಿಸಿದೆ. ಕೈಯಲ್ಲಿ ಮೆಷಿನ್ನು, ನನ್ನ ಕಿವಿಯಲ್ಲಿ ಕುಳ್ಳ. ಅಂಗಡಿಯವನಿಗೆ ಮುರಿದ ಕಡ್ಡಿ ತೋರಿಸುತ್ತಿದ್ದೆ. ‘ಕರ್ ಕರ್’ ಎಂದಿತು. ಅವನು ಸ್ಕ್ರೂ ಹುಡುಕುತ್ತಿದ್ದ. ಒಂದೇ ಗಳಿಗೆ ತಡೆಯೋಣ ಎಂದುಕೊಂಡೆ. ಅದೇ ನಾನು ಮಾಡಿದ ತಪ್ಪು. ತಿರುಗಿದರೆ ಸ್ಟೂಲು ಖಾಲಿ, ಕಿವಿಯೂ ಖಾಲಿ.

“ಮಾಜೀ, ಅಭೀ ತೋ ಯಹೀಂ ಬೈಠೇ ಥೇ” ಎಂದ ಅಂಗಡಿಯವ. ಈಗಷ್ಟೇ ಇಲ್ಲೇ ಕೂತಿದ್ದರಂತೆ.

ಹೊರಗೆ ಜನವೋ ಜನ. ಕನ್ನಡಕವಿಲ್ಲದ ಮುದುಕ, ಮನೆ ಎಲ್ಲಿ ಎಂದರೆ ಗೊತ್ತಿಲ್ಲ, ಹೆಸರು ಕೇಳಿದರೆ ಕೆಲವು ದಿನ ಹೇಳುತ್ತಾರೆ, ಕೆಲವು ದಿನ ಇಲ್ಲ. ನಾಲ್ಕು ಹೆಜ್ಜೆಗೆ ಸ್ಟೇಷನ್ನು. ಲೋಕಲ್ ಹತ್ತಿಬಿಟ್ಟರೆ ಮುಗಿಯಿತು. ಬಾಂದ್ರಾದಲ್ಲಿ ಹುಡುಕುವುದೋ, ವಿರಾರದಲ್ಲೋ?

ಕೂಗಲಿಲ್ಲ. ಕೂಗಿದರೆ ತಿರುಗಿ ನೋಡುವವರಲ್ಲ. ಸ್ಟೇಷನ್ನಿನ ಕಡೆಗೇ ಮೊದಲು ಹೋದೆ. ಕಿವಿಯದ್ದನ್ನು ಡಬ್ಬಿಗೆ ಹಾಕಿ, ಮುಚ್ಚಿ, ತೆಗೆದು, ಮತ್ತೆ ಕಿವಿಗೆ ಇಟ್ಟೆ. ಏನೂ ಇಲ್ಲ. ಇಪ್ಪತ್ತು ಹೆಜ್ಜೆ ಮುಂದೆ ಹೋಗಿ ಮತ್ತೆ ಹಾಗೇ ಮಾಡಿದೆ. ಇಲ್ಲ. ಟಿಕೆಟ್ ಕಿಟಕಿಯ ಎದುರು ಮಾಡಿದೆ. ಇಲ್ಲ. ಸ್ಟೇಷನ್ನಿಗೆ ಬಂದಿಲ್ಲ ಎಂದು ಧೈರ್ಯ ಮಾಡಿ ಹಿಂದಕ್ಕೆ ತಿರುಗಿದೆ. ಒಂದು ಹೆಂಗಸು “ಆಂಟೀ, ಕಿವಿ ನೋವಾ?” ಎಂದು ಹಿಂದಿಯಲ್ಲಿ ಕೇಳಿದಳು. ಅವಳನ್ನು ದಾಟಿ ನಡೆದೆ.

ಅಂಗಡಿಯನ್ನೂ ದಾಟಿ ಎರಡನೆಯ ಗಲ್ಲಿಯ ಬಾಯಿಗೆ ಬಂದಾಗ ಇಯರ್‌ಫೋನಿನೊಳಗೆ ಮಾತಾಡುವ ಹುಡುಗಿ ‘ಕನೆಕ್ಟೆಡ್’ ಎಂದಳು. ಕುಳ್ಳ ಓಡಿದ. ಪೂಂಯ್. ಇವರೇ. ಕಾಲಿಗೆ ಜೀವ ಬಂತು. ಗಲ್ಲಿಯೊಳಗೆ ನುಗ್ಗಿದೆ. ಕೈಗಾಡಿಗಳು, ಪ್ಲಾಸ್ಟಿಕ್ ಬಕೆಟಿನ ಅಂಗಡಿ, ಲಾಡ್ಜು. ಎಡಕ್ಕೋ ಬಲಕ್ಕೋ ಅದು ಹೇಳುವುದಿಲ್ಲ, ಹತ್ತಿರವೋ ದೂರವೋ ಅಷ್ಟೇ. ಹತ್ತು ಹೆಜ್ಜೆಯಲ್ಲಿ ಮತ್ತೆ ಕರ್ ಕರ್, ಮತ್ತೆ ಸುಮ್ಮನೆ. ಡಬ್ಬಿಗೆ ಹಾಕಿ ತೆಗೆದೆ. ‘ಬ್ಯಾಟರಿ ಲೋ’ ಎಂದಳು. ಆ ಮಾತಿನ ಅರ್ಥ ನನಗೆ ಗೊತ್ತು. ಡಬ್ಬಿಯಲ್ಲಿದ್ದ ಇನ್ನೊಂದನ್ನು ತೆಗೆದು ಕಿವಿಗೆ ಇಟ್ಟುಕೊಂಡೆ.

ಗಲ್ಲಿಯ ತಿರುವಿನಲ್ಲಿ ಮತ್ತೆ ‘ಕನೆಕ್ಟೆಡ್’. ಕುಳ್ಳ ಓಡಿದ. ಹೊಂಡ ಬಂತು. ‘ಟಿಂಗ್’ ಎಂದು ಹಾರಿದ. ಮುಂದಿನದ್ದನ್ನೂ ಹಾರಿದ. ನಾನು ಯಾವತ್ತೂ ಕೇಳದ ಹಾಡು ಶುರುವಾಯಿತು.

ಇದು ಇವರ ಕೈ ಅಲ್ಲ. ಮೆಷಿನ್ನು ಯಾರದೋ ಕೈಗೆ ಹೋಗಿದೆ. ಇವರ ಕೈ ಖಾಲಿಯಾಗಿದೆ. ಇನ್ನು ಸದ್ದು ಸಿಕ್ಕಿದರೂ ಇವರು ಸಿಗುವುದಿಲ್ಲ.

ಆದರೂ ಸದ್ದಿನ ಬೆನ್ನು ಬಿಡಲಿಲ್ಲ. ಕದ್ದವನಾದರೂ ಇವರನ್ನು ಎಲ್ಲಿ ಕಂಡೆ ಎಂದು ಹೇಳಬೇಕಲ್ಲ. ಜೋರಾದ ಕಡೆಗೆ ನಡೆದೆ. ಎದುರಿಗೆ ನಮ್ಮ ಕಡೆಯವರದ್ದೇ ಒಂದು ಹೋಟೆಲು. ದುಡ್ಡು ತೆಗೆದುಕೊಳ್ಳುವ ಗಲ್ಲೆಯಲ್ಲಿ ಕೂತ ದಪ್ಪ ಮನುಷ್ಯ ನಮ್ಮ ಮೆಷಿನ್ನನ್ನು ಕಿವಿಯ ಹತ್ತಿರ ಹಿಡಿದು ಕುಲುಕುತ್ತಿದ್ದ. ಅದರ ಸದ್ದನ್ನೆಲ್ಲ ನನ್ನ ಕಿವಿ ಎಳೆದುಕೊಂಡಿತ್ತು.

“ಅದನ್ನು ಕೊಟ್ಟವರು ಎಲ್ಲಿ?” ಎಂದೆ.

“ಎಂತ ಅಮ್ಮ? ಯಾರು?”

“ನನ್ನ ಗಂಡ. ಅದು ನಮ್ಮದು. ನೀನು ಹಾರಿಸಿದ್ದು ಹೊರಗಿಂದಲೇ ಕೇಳಿತು.”

ಅವನು ತಬ್ಬಿಬ್ಬಾದ. “ಓ, ಅವ್ರಾ? ನಮ್ಮ ದೋಸೆಯವ ಇವತ್ತು ರಜೆ. ಬದಲಿ ಜನ ಕಳಿಸ್ತೇನೆ ಅಂತ ಮಾಲಕರು ಫೋನ್ ಮಾಡಿದ್ರು. ಇವ್ರು ಸೀದಾ ಬಂದು ಇದನ್ನ ನನ್ನ ಕೈಲಿಟ್ಟು ‘ಇಟ್ಕೋ’ ಅಂತ ಹೇಳಿ ಒಳಗೆ ಹೋದ್ರು.”

ಕಾವಲಿಯ ಮುಂದೆ ನಿಲ್ಲುವ ಮೊದಲು ವಾಚು, ಉಂಗುರ ಗಲ್ಲೆಯಲ್ಲಿ ಕೊಟ್ಟು ಹೋಗುವುದು ಇವರ ನಲವತ್ತು ವರ್ಷದ ರೂಢಿ.

“ಈ ವಯಸ್ಸಿನವರನ್ನು ಕೆಲಸಕ್ಕೆ ಇಟ್ಕೊಳ್ತಾರಾ ಮಾರಾಯಾ?”

“ಮಾಲಕರು ಕಳಿಸಿದವರ ವಯಸ್ಸು ನಾನು ಕೇಳ್ಲಿಕ್ಕುಂಟಾ?”

ಅವನನ್ನು ದಾಟಿ ಅಡಿಗೆಮನೆಗೆ ನುಗ್ಗಿದೆ. ಹೊಗೆ. ಉದ್ದದ ಕಾವಲಿಯ ಮುಂದೆ ಇವರು. ಮೂರು ದೋಸೆ ಹೊಯ್ದಿದ್ದರು, ಅಳತೆ ಹಿಡಿದ ಹಾಗೆ ಗುಂಡಗೆ. ಆಮೇಲೆ ಏನು ಮಾಡಬೇಕೆಂದು ಮರೆತುಹೋಗಿತ್ತು. ಮೂರೂ ಕರಕಲಾಗಿದ್ದವು. ಸಾಂಬಾರು ಕುದಿಸುತ್ತಿದ್ದವನು ಬೆನ್ನು ಹಾಕಿ ನಿಂತಿದ್ದ. ಇವರು ಬರಿಯ ಅಂಗೈಯನ್ನು ಕಾವಲಿಗೆ ಇಳಿಸುತ್ತಿದ್ದರು.

ಮಣಿಕಟ್ಟು ಹಿಡಿದೆ. ಜಗ್ಗಿದೆ. ಬರಲಿಲ್ಲ. ಮುದುಕನಾದರೂ ಆ ಕೈಯಲ್ಲಿ ಕಸುವಿತ್ತು. ನನ್ನ ಬಳೆ ಕಾವಲಿಗೆ ತಾಗಿ ಚುರ್ರೆಂದಿತು. “ಮನೆಗೆ ಹೋಗುವ” ಎಂದರೆ ಇನ್ನೂ ಬಿಗಿದುಕೊಂಡರು.

“ಹೋಯ್, ಗಿರಾಕಿ ಇಲ್ಲ. ಗ್ಯಾಸ್ ಬಂದ್ ಮಾಡ್ಲಿಕ್ಕೆ ಹೇಳಿದ್ದಾರೆ” ಎಂದೆ, ಗಲ್ಲೆಯವರ ದನಿಯಲ್ಲಿ.

ಕೈ ಸಡಿಲವಾಯಿತು. ತಾವೇ ಗ್ಯಾಸು ಆರಿಸಿದರು. ನಲ್ಲಿಯಲ್ಲಿ ಮೊಣಕೈವರೆಗೆ ತೊಳೆದರು. ಹೊರಗೆ ಬಂದು ಗಲ್ಲೆಯ ಮುಂದೆ ಕೈ ಚಾಚಿ ನಿಂತರು. ಆ ದಪ್ಪ ಮನುಷ್ಯ ಮೆಷಿನ್ನನ್ನು ಕೊಟ್ಟ.

“ನಾಲ್ಕನೇ ಹಂತಕ್ಕೆ ಬಂದಿದ್ದೆ ಅಜ್ಜಾ” ಎಂದ.

ಇವರು ಕೂತರು. ಕಿವಿಯಲ್ಲಿ ಕುಳ್ಳ ಓಡಿದ. ಪೂಂಯ್. ನಾನೂ ಪಕ್ಕದಲ್ಲಿ ಕೂತೆ. ಹೋಟೆಲಿನವರು ಕೊಟ್ಟ ಚಹಾ ಪೂರ್ತಿ ಕುಡಿದೆ. ಆಮೇಲೆ ಇವರ ಕೈ ಹಿಡಿದುಕೊಂಡೇ ಹೋಗಿ ಕನ್ನಡಕ ತಂದೆ.

ಮರುದಿನ ಬೆಳಿಗ್ಗೆ ಸೊಸೆ ಆಫೀಸಿಗೆ ಹೊರಡುವ ಮುಂಚೆ ನಡೆದದ್ದನ್ನೆಲ್ಲ ಹೇಳಿದೆ. ಅವಳು ಬೈದಳು, ಬೈಸಿಕೊಂಡೆ. ಆಮೇಲೆ ಅಕ್ಕಿಯ ಚೀಲ ಕತ್ತರಿಸಿ, ದಬ್ಬಣದಲ್ಲಿ ಒಂದು ಸಂಚಿ ಹೊಲಿದು, ಮೆಷಿನ್ನನ್ನು ಅದಕ್ಕೆ ಬಿಗಿದು ಇವರ ಕೊರಳಿಗೆ ಹಾಕಿದೆ. ಬಿಚ್ಚಿ ಯಾರ ಗಲ್ಲೆಗೂ ಕೊಡದಂತೆ, ಗಂಟನ್ನು ಇವರ ಕೈಗೆ ಎಟುಕದ ಹಾಗೆ ಬೆನ್ನಿಗೆ ಕಟ್ಟಿದೆ.